ಅರಮನೆಯ ಮುಂದಣ ಬಯಲು

ಬಾಣಾವರದಿಂದ ನಸುಕಿನಲ್ಲಿಯೇ ಹೊರಟ ಮಕ್ಕಳು ರೈಲಿನಿಂದ ಬೆಂಗಳೂರಿನಲ್ಲಿ ಇಳಿಯುವ ವೇಳೆಗೆ ಬಿಸಿಲೇರಿತ್ತು. ಅವರನ್ನು ಕರೆತಂದಿದ್ದ ಚಿತ್ರಕಲೆಯ ಮೇಷ್ಟರು ಕೃಷ್ಣರಾಜೇಂದ್ರ ಮಾರುಕಟ್ಟೆಯ ಜನಸಂದಣಿಯನ್ನು ದಾಟಿಸಿ, ಕೋಟೆ ವೆಂಕಟರಮಣಸ್ವಾಮಿ ದೇವಾಲಯದ ಸಮೀಪದಲ್ಲಿರುವ ಟಿಪ್ಪು ಸುಲ್ತಾನನ ಅರಮನೆಯ ಮುಂದೆ ನಿಲ್ಲಿಸಿದರು. ಬಳಿಕ ಕೈಚೀಲದಿಂದ ಹಳೆಯ ಚಿತ್ರವೊಂದರ ಪ್ರತಿಯನ್ನು ತೆಗೆದು, “ಇದನ್ನು ಬರೆದವನು ಎಲ್ಲಿ ನಿಂತು ಬರೆದಿರಬಹುದು? ಹುಡುಕಿರಿ ನೋಡೋಣ” ಎಂದರು.

ಮಕ್ಕಳು ಉತ್ಸಾಹದಿಂದ ಹುಡುಕತೊಡಗಿದರು. ಮರದ ಕಂಬಗಳು, ಕಮಾನುಗಳು, ಮೇಲಂತಸ್ತಿನ ಮೊಗಸಾಲೆಗಳಿಂದ ಕೂಡಿದ ಅರಮನೆಯೇನೋ ಕಣ್ಣೆದುರಿಗೇ ಇತ್ತು. ಆದರೆ ಚಿತ್ರದಲ್ಲಿದ್ದ ವಿಶಾಲವಾದ ಚೌಕ ಮಾತ್ರ ಎಲ್ಲಿಯೂ ಕಾಣಲಿಲ್ಲ. ಈಚೆಗೆ ಹುಲ್ಲುಹಾಸು, ಆಚೆಗೆ ವಾಹನಗಳಿಂದ ಕಿಕ್ಕಿರಿದ ರಸ್ತೆ, ಅದರಾಚೆ ಒತ್ತೊತ್ತಾದ ಕಟ್ಟಡಗಳು. ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ಬರಿಗೈಯಲ್ಲಿ ಹಿಂದಿರುಗಿ, “ಮೇಷ್ಟ್ರೇ, ಬಯಲೇ ಇಲ್ಲ” ಎಂದರು. ಮೇಷ್ಟರು ನಕ್ಕು, ಎಲ್ಲರನ್ನೂ ಮರದ ನೆರಳಿನಲ್ಲಿ ಕುಳ್ಳಿರಿಸಿಕೊಂಡು ಆ ಚಿತ್ರದ ಕಥೆಯನ್ನು ಹೇಳಿದರು.

ಅದನ್ನು ರಚಿಸಿದವನು ಜೇಮ್ಸ್ ಹಂಟರ್ ಎಂಬ ಆಂಗ್ಲ ಸೈನಿಕ. ಫಿರಂಗಿದಳದಲ್ಲಿ ಲೆಫ್ಟಿನೆಂಟ್ ಆಗಿದ್ದ ಅವನು ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆಯಲ್ಲಿದ್ದ. ಫಿರಂಗಿ ಹಾರಿಸುವವನಿಗೆ ಕುಂಚದ ಗೊಡವೆ ಏಕೆ ಎಂದು ಅಚ್ಚರಿಯಾಗಬಹುದು. ಕ್ಯಾಮೆರಾ ಇಲ್ಲದ ಆ ಕಾಲದಲ್ಲಿ ಕೋಟೆಯ ಎತ್ತರ, ದಾರಿಯ ಏರಿಳಿತ, ಬೆಟ್ಟದ ದೂರ ಇವನ್ನೆಲ್ಲ ಕಂಡಂತೆ ಬರೆದುಕೊಳ್ಳುವುದು ಸೇನೆಗೆ ಅತ್ಯಗತ್ಯವಾಗಿತ್ತು. ಆದುದರಿಂದಲೇ ವೂಲಿಚ್‌ನ ಸೈನಿಕ ವಿದ್ಯಾಲಯದಲ್ಲಿ ಚಿತ್ರರಚನೆಯೂ ಒಂದು ಪಾಠವಾಗಿತ್ತು. ಪಾಲ್ ಸ್ಯಾಂಡ್‌ಬಿಯಂಥ ಹೆಸರಾಂತ ಭೂದೃಶ್ಯ ಚಿತ್ರಕಾರನೇ ಅಲ್ಲಿ ಅಧ್ಯಾಪಕನಾಗಿದ್ದ. ಗುರಿಯನ್ನು ಅಳೆಯುವ ಕಣ್ಣು ಕ್ರಮೇಣ ಬೆಳಕನ್ನೂ ನೆರಳನ್ನೂ ಕಂಡು ಸಂತೋಷಪಡಲು ಕಲಿತುದು ಸಹಜವೇ ಆಗಿದೆ.

ಹೈದರ್ ಅಲಿಯು 1761ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಲ್ಲಿನಿಂದ ಭದ್ರಪಡಿಸಿದನು. 1781ರಲ್ಲಿ ಅವನು ಆರಂಭಿಸಿದ ಅರಮನೆಯನ್ನು ಮಗನಾದ ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದನು. ಸ್ವರ್ಗವೂ ಕರುಬುವಂಥ ಆನಂದದ ನೆಲೆ ಎಂಬ ಅರ್ಥದ ಬರೆಹವನ್ನು ಅಲ್ಲಿ ಕೊರೆಯಿಸಲಾಯಿತು. ಆದರೆ ಆ ಆನಂದ ಬಹುಕಾಲ ನಿಲ್ಲಲಿಲ್ಲ. ಅದೇ 1791ರ ಮಾರ್ಚ್ 7ರಂದು ಪೇಟೆಯೂ, 21ರ ರಾತ್ರಿ ಕೋಟೆಯೂ ಆಂಗ್ಲರ ವಶವಾದುವು. ಕಿಲ್ಲೇದಾರನಾದ ಬಹದ್ದೂರ್ ಖಾನ್ ಹೋರಾಡುತ್ತಲೇ ಮಡಿದನು. ಆಂಗ್ಲ ಸೈನಿಕನೊಬ್ಬನಿಗೆ ಕೋಟೆಯ ಒಳಹೊಕ್ಕು, ಅರಮನೆಯ ಎದುರಿಗೆ ನಿರಾತಂಕವಾಗಿ ಕುಳಿತು ಚಿತ್ರ ಬರೆಯುವ ಅವಕಾಶ ದೊರೆತದ್ದು ಆ ನಂತರವೇ.

ಹಂಟರನ ಸಮಕಾಲೀನನಾದ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಅದೇ ಸೇನೆಯೊಡನೆ ಸಂಚರಿಸಿ, ಮೈಸೂರು ಸೀಮೆಯ ದೃಶ್ಯಗಳನ್ನು 1794ರಲ್ಲಿ ಪುಸ್ತಕವಾಗಿ ಹೊರತಂದನು. ಅವನ ಗಮನ ಬಹುಮಟ್ಟಿಗೆ ದುರ್ಗಗಳ ಕಡೆಗೆ, ಬೆಟ್ಟಗಳ ಕಡೆಗೆ. ಹಂಟರನಾದರೋ ಬೆಂಗಳೂರಿನ ಅರಮನೆಗೆ ಹೋಗುವ ಬೀದಿಯನ್ನು, ಅರಮನೆಯ ಮುಂದಣ ಚೌಕವನ್ನು, ಅದರ ಪ್ರವೇಶದ್ವಾರವನ್ನು ಕಂಡನು. ಅರಮನೆಯ ಮುಂದಿನ ಬಯಲೆಂದರೆ ಬರಿಯ ಖಾಲಿ ನೆಲವಲ್ಲ. ಅಹವಾಲು ಹೊತ್ತು ಬಂದವನು ಕಾಯುವುದು, ಕುದುರೆ ಸವಾರನು ಇಳಿಯುವುದು, ದೊರೆಗೂ ಪ್ರಜೆಗೂ ನಡುವಣ ದೂರ ಕಾಲಿಗೆ ತಿಳಿಯುವುದು ಅಲ್ಲಿಯೇ.

ಹಂಟರನು 1792ರಲ್ಲಿ ತೀರಿಕೊಂಡನು. ಅವನ ನಲವತ್ತು ಚಿತ್ರಗಳನ್ನು ಎಡ್ವರ್ಡ್ ಆರ್ಮ್ ಎಂಬ ಪ್ರಕಾಶಕನು 1805ರಲ್ಲಿ ಲಂಡನ್ನಿನಲ್ಲಿ ಮುದ್ರಿಸಿದನು. ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ಉದುರಿಸಿ, ಕಾಯಿಸಿ, ಆಮ್ಲದಲ್ಲಿ ಅದ್ದಿದರೆ ಪುಡಿಯ ಕಣಗಳ ಸಂದುಗಳಲ್ಲಿ ತಾಮ್ರವು ಸವೆಯುತ್ತದೆ. ಹೆಚ್ಚು ಹೊತ್ತು ಸವೆದ ಕಡೆ ಕಡುನೆರಳು, ಕಡಿಮೆ ಸವೆದ ಕಡೆ ತಿಳಿನೆರಳು. ಹೀಗೆ ಅಚ್ಚೊತ್ತಿದ ಹಾಳೆಗಳಿಗೆ ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ತನ್ನ ಚೌಕವು ಹಾಳೆಗಳ ಮೇಲೆ ಮೂಡಿದ್ದನ್ನು ನೋಡಲು ಚಿತ್ರಕಾರನೇ ಇರಲಿಲ್ಲ.

ಇಷ್ಟು ಕೇಳಿದ ಮೇಲೆ ಹುಡುಗನೊಬ್ಬ ಎದ್ದು ನಿಂತು, “ಮೇಷ್ಟ್ರೇ, ಅವನು ನಮ್ಮ ನಾಡಿನ ಮೇಲೆ ದಂಡೆತ್ತಿ ಬಂದವರ ಕಡೆಯವನು. ಅವನು ಬರೆದದ್ದನ್ನು ನಾವು ನಂಬಬಹುದೆ?” ಎಂದು ಕೇಳಿದ.

“ಕೇಳಲೇಬೇಕಾದ ಪ್ರಶ್ನೆ ಕಣಪ್ಪ” ಎಂದರು ಮೇಷ್ಟರು. “ಕೊಳ್ಳುವವರು ಲಂಡನ್ನಿನವರು. ತಮ್ಮ ಸೇನೆ ಗೆದ್ದ ನಾಡು ಹೇಗಿದೆ ಎಂದು ನೋಡುವ ಕುತೂಹಲ ಅವರದು. ಆ ಮಾರ್ಚ್ ತಿಂಗಳ ರಾತ್ರಿ ಮಡಿದವರ ಮನೆಗಳ ದುಃಖ ಇದರಲ್ಲಿಲ್ಲ. ಚಿತ್ರದಲ್ಲಿ ಏನಿದೆ ಎಂಬುದರ ಜೊತೆಗೆ ಏನಿಲ್ಲ ಎಂಬುದನ್ನೂ ನೋಡಬೇಕು. ಆದರೂ ಈ ಬಯಲನ್ನು ಕಂಡು ಬರೆದಿಟ್ಟವನು ಅವನು. ಆ ಉಪಕಾರವನ್ನು ಅಲ್ಲಗಳೆಯುವುದು ಹೇಗೆ?”

“ಹಾಗಾದರೆ ನಮ್ಮವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲವೆ?” ಎಂದು ಹುಡುಗಿಯೊಬ್ಬಳು ತುಸು ನೊಂದ ದನಿಯಲ್ಲಿಯೇ ಕೇಳಿದಳು.

“ಬಾರದೆ ಏನಮ್ಮ! ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಗಳನ್ನು ನೋಡು. ಪೊಳ್ಳಿಲೂರಿನ ಯುದ್ಧವನ್ನು ನಮ್ಮ ಚಿತ್ರಕಾರರು ಅಲ್ಲಿ ಎಷ್ಟು ಸೊಗಸಾಗಿ ಬಿಡಿಸಿದ್ದಾರೆ! ಆನೆ, ಕುದುರೆ, ಪಲ್ಲಕ್ಕಿ, ಸೈನ್ಯ ಎಲ್ಲವೂ ಇವೆ. ಆದರೆ ದಿನವೂ ನಡೆದಾಡುವ ಬಯಲನ್ನು ಯಾರು ತಾನೆ ಚಿತ್ರಕ್ಕೆ ಯೋಗ್ಯವೆಂದು ಎಣಿಸುತ್ತಾರೆ? ಅದು ನಾಳೆಯೂ ಇರುತ್ತದೆ ಎಂಬ ನಂಬಿಕೆ. ಹೊಸಬನ ಕಣ್ಣಿಗೆ ಮಾತ್ರ ಅದು ಹೊಸದು.”

ಮೇಷ್ಟರ ಮಾತಿನಲ್ಲಿ ನಿಜವಿತ್ತು. ಟಿಪ್ಪುವಿನ ಮರಣಾನಂತರ ಅರಮನೆ ಹಲವು ಕೈಗಳನ್ನು ಕಂಡಿತು. 1831ರ ಬಳಿಕ ಅಲ್ಲಿ ಆಂಗ್ಲ ಕಮಿಷನರ ಕಚೇರಿಗಳು ನಡೆದುವು. 1868ರಲ್ಲಿ ಅವು ಅಠಾರಾ ಕಚೇರಿಗೆ ಹೋದುವು. ಕೋಟೆಯ ಗೋಡೆಗಳನ್ನು ಕ್ರಮೇಣ ಕೆಡವಲಾಯಿತು. ದೆಹಲಿ ಬಾಗಿಲಿನ ಸುತ್ತಣ ಒಂದು ಭಾಗ ಮಾತ್ರ ಇಂದು ನಿಂತಿದೆ. ಗೋಡೆ ಬಿದ್ದರೆ ಕಲ್ಲಾದರೂ ಉಳಿಯುತ್ತದೆ, ಕಂಬ ಮುರಿದರೆ ಪೀಠವಾದರೂ ಉಳಿಯುತ್ತದೆ. ಬಯಲು ಅಳಿದರೆ ಅವಶೇಷವೇ ಇಲ್ಲ. ಅದು ಇತ್ತೆಂಬುದಕ್ಕೆ ಯಾರಾದರೂ ಕಂಡು ಬರೆದಿಟ್ಟದ್ದೊಂದೇ ಸಾಕ್ಷಿ.

ಸಂಜೆಯ ರೈಲಿನಲ್ಲಿ ಮಕ್ಕಳು ಊರಿಗೆ ಹಿಂದಿರುಗಿದರು. ಮರುದಿನ ಚಿತ್ರಕಲೆಯ ತರಗತಿಯಲ್ಲಿ ಮೇಷ್ಟರು, “ಬಾಣಾವರದಲ್ಲಿ ನೀವು ದಿನವೂ ದಾಟುವ ಒಂದು ಬಯಲನ್ನು ಬರೆಯಿರಿ” ಎಂದರು. ಕೆಲವರು ಗುಡಿಯ ಮುಂದಣ ಅಂಗಳವನ್ನು, ಕೆಲವರು ಸಂತೆಯ ಮೈದಾನವನ್ನು, ಕೆಲವರು ರೈಲು ನಿಲ್ದಾಣದ ಹೊರಗಿನ ಜಾಗವನ್ನು ಆರಿಸಿಕೊಂಡರು. ಇದರಲ್ಲಿ ಬರೆಯುವುದಕ್ಕೆ ಏನಿದೆ ಎಂದು ಮೊದಲು ಗೊಣಗಿದವರು ಕೂಡ, ಬರೆಯುತ್ತ ಬರೆಯುತ್ತ ಅರಳಿಕಟ್ಟೆಯ ನೆರಳು ಎತ್ತ ಬೀಳುತ್ತದೆ, ಕಾಲುದಾರಿ ಎಲ್ಲಿ ತಿರುಗುತ್ತದೆ ಎಂದು ಮೊದಲ ಬಾರಿಗೆ ನೋಡತೊಡಗಿದರು.

ಅರಮನೆಯ ಮುಂದೆ ಪ್ರಶ್ನೆ ಕೇಳಿದ್ದ ಹುಡುಗನು ತನ್ನ ಚಿತ್ರವನ್ನು ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯೋಚಿಸುತ್ತ ಕುಳಿತ. ಅನಂತರ ಹಾಳೆಯ ಕೆಳಗೆ ಊರಿನ ಹೆಸರನ್ನೂ, ಆ ದಿನದ ತಾರೀಖನ್ನೂ, ತಾನು ಯಾವ ಕಡೆಗೆ ಮುಖಮಾಡಿ ಕುಳಿತಿದ್ದೆನೆಂಬುದನ್ನೂ ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದ. ಮುಂದೆಂದಾದರೂ ಆ ಬಯಲನ್ನು ಹುಡುಕಿಕೊಂಡು ಬರುವವರಿಗೆ ತಾನು ಕುಳಿತ ಸ್ಥಳವಾದರೂ ಸಿಗಲಿ ಎಂಬುದು ಅವನ ಆಸೆಯಾಗಿತ್ತು.