ಪೆಟ್ಟಿಗೆ ಒಪ್ಪದ ಹೆಸರುಗಳು

ವೆಬ್ ಫಾರ್ಮಿನಲ್ಲಿ ಜನ ಬರೆದದ್ದನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ತಡೆದು ನೋಡುವ ಕೆಲಸಕ್ಕೆ ವ್ಯಾಲಿಡೇಶನ್ ಎಂದು ಹೆಸರು. ಅದು ಬ್ರೌಸರಿನಲ್ಲಿ ಒಮ್ಮೆ, ಸರ್ವರಿನಲ್ಲಿ ಇನ್ನೊಮ್ಮೆ ನಡೆಯುತ್ತದೆ. ಮೊದಲನೆಯದು ತುಂಬುವವರ ಅನುಕೂಲಕ್ಕೆ, ಎರಡನೆಯದು ಫಾರ್ಮಿನ ಒಡೆಯನ ಸುರಕ್ಷೆಗೆ. ಬ್ರೌಸರಿನ ಕಾವಲನ್ನು ಯಾರು ಬೇಕಾದರೂ ದಾಟಬಲ್ಲರು. ಆದ್ದರಿಂದ ಎರಡನೆಯದನ್ನು ಬಿಡುವಂತಿಲ್ಲ. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗುವುದು ಇಮೇಲ್ ಪೆಟ್ಟಿಗೆಯ ಮುಂದೆ.

ಇಮೇಲ್ ವಿಳಾಸಕ್ಕೆ ಎರಡು ಭಾಗ. 1971ರಲ್ಲಿ ರೇ ಟಾಮ್ಲಿನ್ಸನ್ ಅವೆರಡರ ನಡುವೆ @ ಇಟ್ಟ. ಬಲಗಡೆಯದು ಯಂತ್ರದ ಹೆಸರು, ಎಡಗಡೆಯದು ಆ ಯಂತ್ರದಲ್ಲಿರುವವರ ಹೆಸರು. ಎಡಭಾಗ 64 ಬೈಟ್ ಮೀರಬಾರದು, ಇಡೀ ವಿಳಾಸ 254 ಮೀರಬಾರದು. ಉಳಿದಂತೆ ಎಡಭಾಗದ ಅರ್ಥವನ್ನು ತೀರ್ಮಾನಿಸುವ ಹಕ್ಕು ಪತ್ರ ಪಡೆಯುವ ಯಂತ್ರಕ್ಕೆ ಮಾತ್ರ ಇದೆ. ಇಂಟರ್ನೆಟ್ ನಿಯಮಗಳ ದಾಖಲೆಗಳಾದ 2008ರ ಆರ್‌ಎಫ್‌ಸಿ 5321 ಮತ್ತು 5322 ಹೇಳುವುದೂ ಇದನ್ನೇ. ಆ ನಿಯಮಗಳ ಪ್ರಕಾರ ಅಲ್ಲಿ ಪ್ಲಸ್, ಆಶ್ಚರ್ಯಸೂಚಕ, ಡಾಲರ್ ಗುರುತು, ಒಂಟಿ ಉದ್ಧರಣ ಚಿಹ್ನೆ ಎಲ್ಲವೂ ಸಲ್ಲುತ್ತವೆ. ಆದರೂ ಊರೂರಿನ ಪ್ರೋಗ್ರಾಮರುಗಳು ತಮ್ಮದೇ ಒಂದು ಸೂತ್ರ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದು ಆ ಹಕ್ಕನ್ನು ಕಸಿದುಕೊಳ್ಳುತ್ತಾರೆ. ಹಳೆಯ ನಿಯಮವನ್ನು ಪೂರ್ತಿಯಾಗಿ ಹಿಡಿಯಬೇಕೆಂದು ಜೆಫ್ರಿ ಫ್ರೀಡ್ಲ್ 1997ರ ತನ್ನ ಪುಸ್ತಕದಲ್ಲಿ ಕಟ್ಟಿದ ಸೂತ್ರ ಆರು ಸಾವಿರ ಅಕ್ಷರ ದಾಟಿತ್ತು. ಸಾಮಾನ್ಯವಾಗಿ ಕಾಣಸಿಗುವ ಸೂತ್ರ ಒಂದು ಸಾಲಿನದು. ಬರೆದವನಿಗೆ ಆ ಹೊತ್ತಿಗೆ ನೆನಪಾದ ನಾಲ್ಕು ವಿಳಾಸಗಳ ಅಚ್ಚು ಅದು, ಅಷ್ಟೇ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಹತ್ತಿ ಪೇಟೆಯ ರೀತಿ ಇದಕ್ಕಿಂತ ಮೇಲು. ಕೊಳ್ಳುವವನು ಅಂಡಿಗೆಗೆ ಕೈ ಹಾಕಿ ಚಿಟಿಕೆ ಅರಳೆ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದು ಎಳೆಯ ಉದ್ದ ನೋಡುತ್ತಾನೆ. ಅದು ಅಂದಾಜೆಂದು ಅವನಿಗೂ ಗೊತ್ತು, ಮಾರುವವನಿಗೂ ಗೊತ್ತು. ನಿಜ ಹೊರಬೀಳುವುದು ಬೀಜ ಬೇರ್ಪಡಿಸುವ ಜಿನ್ನಿನಲ್ಲಿ. ಇಮೇಲಿನ ಜಿನ್ನೆಂದರೆ ಆ ವಿಳಾಸಕ್ಕೆ ಒಂದು ಪತ್ರ ಕಳಿಸಿ ನೋಡುವುದು. @ ಇದೆಯೇ, ಅದರ ಎರಡೂ ಕಡೆ ಏನಾದರೂ ಇದೆಯೇ ಎಂದು ನೋಡುವುದು ಚಿಟಿಕೆ ಅರಳೆ. ಇವೆರಡರ ನಡುವೆ ಮಾಡುವ ಜಾಣತನವೆಲ್ಲ ದಂಡ.

ದಂಡವಾದರೂ ಸಹಿಸಬಹುದಿತ್ತು, ಅದು ತಪ್ಪನ್ನು ಬಿಟ್ಟು ಸರಿಯನ್ನು ಹಿಡಿಯದಿದ್ದರೆ. ಅವಸರದಲ್ಲಿ ಡಾಟ್ ಕಾಮ್ ಬದಲು ಡಾಟ್ ಕಾನ್ ಎಂದು ಬೆರಳು ಜಾರಿದ ವಿಳಾಸ ಎಂಥ ಕಟ್ಟುನಿಟ್ಟಿನ ಸೂತ್ರವನ್ನೂ ನಗುನಗುತ್ತ ದಾಟುತ್ತದೆ. ಪ್ಲಸ್ ಇರುವ ಅಸಲಿ ವಿಳಾಸ ಬಾಗಿಲಲ್ಲೇ ನಿಲ್ಲುತ್ತದೆ. ಕೊನೆಯ ಚುಕ್ಕೆಯ ನಂತರ ಎರಡರಿಂದ ನಾಲ್ಕು ಅಕ್ಷರ ಎಂಬ ಷರತ್ತು ಈಗಲೂ ನಕಲಾಗುತ್ತಲೇ ಇದೆ. ಆರಕ್ಷರದ ಡಾಟ್ ಮ್ಯೂಸಿಯಂ 2001ರಿಂದ ಬಳಕೆಯಲ್ಲಿದೆ. ಕನ್ನಡದ ಡಾಟ್ ಭಾರತವೂ ಇದೆ. ಯಂತ್ರಗಳಿಗಾಗಿ ಅದನ್ನು ಲ್ಯಾಟಿನ್ನಿಗೆ ಇಳಿಸಿದಾಗ ಅಡ್ಡಗೆರೆ, ಅಂಕಿಗಳೆಲ್ಲ ಸೇರಿದ ಹನ್ನೊಂದು ಗುರುತುಗಳ ಸಾಲಾಗುತ್ತದೆ. ‘ಅಕ್ಷರಗಳು ಮಾತ್ರ’ ಎನ್ನುವ ಸೂತ್ರಕ್ಕೆ ಅದೂ ಸಲ್ಲದು.

ಬೆರಳು ಜಾರಿದ್ದಕ್ಕೆ ಬೇರೆಯೇ ಮದ್ದಿದೆ. ಚುಕ್ಕೆಯ ಆಚೀಚೆ ಇರುವುದನ್ನು ಹೆಸರಾಂತ ಹತ್ತು ಡೊಮೈನುಗಳೊಡನೆ ಹೋಲಿಸಿ, ಒಂದೆರಡು ಅಕ್ಷರವಷ್ಟೇ ವ್ಯತ್ಯಾಸವಿದ್ದರೆ ‘ಇದು ಜಿಮೇಲ್ ಅಲ್ಲವೇ?’ ಎಂದು ಕೇಳುವುದು. ಕೇಳಬೇಕು, ತಾನೇ ತಿದ್ದಬಾರದು. ಅದಕ್ಕೂ ಮುಂಚೆ ಹಿಂದುಮುಂದಿನ ಖಾಲಿ ಜಾಗವನ್ನು ಕತ್ತರಿಸಬೇಕು. ವಾಟ್ಸಾಪಿನಿಂದ ನಕಲು ಮಾಡಿದ ವಿಳಾಸದ ಬಾಲಕ್ಕೆ ಕಾಣದ ಜಾಗವೊಂದು ಅಂಟಿ ಬರುತ್ತದೆ. ಅದನ್ನು ತಪ್ಪೆಂದು ಸಾರುವ ಫಾರ್ಮು ಚಪ್ಪಲಿಯ ಧೂಳಿಗಾಗಿ ನೆಂಟರನ್ನೇ ಹೊರಗೆ ನಿಲ್ಲಿಸಿದಂತೆ.

ಇದೆಲ್ಲದರ ಆಚೆ, ವಿಳಾಸ ಯಾರದು ಎಂಬ ಪ್ರಶ್ನೆಯನ್ನು ಯಾವ ಸೂತ್ರವೂ ಮುಟ್ಟುವುದಿಲ್ಲ. ರಾಮದುರ್ಗದಿಂದ ಕಿತ್ತೂರಿನವರೆಗೆ ಅರ್ಜಿ ತುಂಬುವ ಅಂಗಡಿಗಳಲ್ಲಿ ಇಂಥ ಮಾತು ಹೊಸದಲ್ಲ: ‘ಅಕ್ಕಾರ, ಇಮೇಲ್ ಐಡಿ ಹೇಳ್ರಿ.’ ‘ನಮಗೆಲ್ಲಿದು ತಮ್ಮಾ, ನಿಂದ ಹಾಕು.’ ಹಾಕಿದರೆ ‘ಈ ವಿಳಾಸ ಈಗಾಗಲೇ ಬಳಕೆಯಲ್ಲಿದೆ’ ಎಂದು ಫಾರ್ಮು ಗುರ್ರೆನ್ನುತ್ತದೆ. ಆಗ ನೆರವಿಗೆ ಬರುವುದು ಚುಕ್ಕೆ. ಜಿಮೇಲ್ ಎಡಭಾಗದ ಚುಕ್ಕೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಲ್ಯಾಟಿನ್ ಲಿಪಿಯಲ್ಲಿ ಬೈಲಹೊಂಗಲ ಎಂದು ಬರೆಯಲು ಹತ್ತು ಅಕ್ಷರ ಬೇಕು, ನಡುವೆ ಒಂಬತ್ತು ಸಂದು. ಚುಕ್ಕೆ ಇಟ್ಟೂ ಇಡದೆಯೂ 512 ಬಗೆಯಲ್ಲಿ ಬರೆಯಬಹುದು. ಫಾರ್ಮಿಗೆ ಅವು 512 ಮಂದಿ, ಪತ್ರಗಳೆಲ್ಲ ಬಂದು ಬೀಳುವುದು ಒಂದೇ ಪೆಟ್ಟಿಗೆಗೆ. ಪ್ಲಸ್ಸನ್ನು ಅಷ್ಟು ಶ್ರದ್ಧೆಯಿಂದ ತಡೆದ ಕಾವಲುಗಾರ ಚುಕ್ಕೆಗೆ ಸಲಾಮು ಹೊಡೆದು ಬಿಡುತ್ತಾನೆ.

ಇಮೇಲ್ ಮುಗಿಸಿ ಹೆಸರಿನ ಪೆಟ್ಟಿಗೆಗೆ ಬಂದರೆ ಸಿಟ್ಟು ಇನ್ನೂ ಹೆಚ್ಚುತ್ತದೆ. ಇನಿಶಿಯಲ್ಲಿನ ಚುಕ್ಕೆ ನಡೆಯದು, ಒಂದೇ ಹೆಸರಿನವರಿಗೆ ಅಡ್ಡಹೆಸರು ಕಡ್ಡಾಯ. ಒಂಟಿ ಉದ್ಧರಣ ಚಿಹ್ನೆ ತಡೆದರೆ ಡೇಟಾಬೇಸ್ ಸುರಕ್ಷಿತ ಎಂಬ ನಂಬಿಕೆಯೊಂದು ಉಂಟು. ಅದು ಕ್ವೆರಿಯನ್ನು ಸರಿಯಾಗಿ ಬರೆಯಲು ಬಾರದವರ ನಂಬಿಕೆ. ಕನ್ನಡದಲ್ಲಿ ಬರೆಯಿರಿ ಎಂದು ತಾನೇ ಕರೆದ ಫಾರ್ಮು ಬರೆದ ಮೇಲೆ ಮಾಡುವುದು ಇನ್ನೊಂದು ಬಗೆಯ ಅನ್ಯಾಯ. ಯೂನಿಕೋಡ್ ಪ್ರತಿ ಗುರುತಿಗೂ ಒಂದು ವರ್ಗ ಕೊಟ್ಟಿದೆ. ಸ, ವ, ದ, ತ ಅಕ್ಷರವರ್ಗದವು. ಗುಣಿತದ ಚಿಹ್ನೆ, ವಿರಾಮ, ಅನುಸ್ವಾರ ಅಕ್ಷರವರ್ಗದವಲ್ಲ, ‘ಮಾರ್ಕ್’ ವರ್ಗದವು. ‘ಅಕ್ಷರವಲ್ಲದ್ದೆಲ್ಲ ತೆಗೆ’ ಎಂಬ ಸೂತ್ರ ಹಾಕಿದರೆ ಸವದತ್ತಿ ‘ಸವದತತ’ ಆಗುತ್ತದೆ, ಕಿತ್ತೂರು ‘ಕತತರ’, ರಾಮದುರ್ಗ ‘ರಮದರಗ’, ಬೈಲಹೊಂಗಲ ‘ಬಲಹಗಲ’. ತೆಗೆಯದೆ ಬರೀ ತಡೆಯುವ ಸೂತ್ರವಾದರೆ ನಾಲ್ಕೂ ಊರು ಅಮಾನ್ಯ. ಎರಡೂ ವರ್ಗಗಳನ್ನು ಒಟ್ಟಿಗೆ ಒಪ್ಪುವ ತಿದ್ದುಪಡಿಗೆ ಹಿಡಿಯುವುದು ಒಂದು ನಿಮಿಷ.

ಉದ್ದದ ಮಿತಿಯ ಕಥೆಯೂ ಹೀಗೇ. ಓದುವವರ ಕಣ್ಣಿಗೆ ಬೈಲಹೊಂಗಲ ಐದಕ್ಷರ. ಯೂನಿಕೋಡಿಗೆ ಎಂಟು ಗುರುತು. ಐತ್ವ, ಒತ್ವಗಳನ್ನು ಬಿಡಿಸಿ ಬರೆದ ರೂಪದಲ್ಲಿ ಹತ್ತು. ಎರಡೂ ಪರದೆಯ ಮೇಲೆ ಒಂದೇ ತೆರನಾಗಿ ಕಾಣುತ್ತವೆ, ಹೋಲಿಸಿದರೆ ಬೇರೆ ಬೇರೆ. ಆದ್ದರಿಂದ ಹೋಲಿಸುವ ಮೊದಲು ಒಂದೇ ರೂಪಕ್ಕೆ ತರಬೇಕು. ಯುಟಿಎಫ್-8ರಲ್ಲಿ ಪ್ರತಿ ಗುರುತಿಗೆ ಮೂರು ಬೈಟ್. 2012ರ ಆರ್‌ಎಫ್‌ಸಿ 6531 ಇಮೇಲಿನ ಎಡಭಾಗದಲ್ಲೂ ಕನ್ನಡಕ್ಕೆ ದಾರಿ ತೆರೆದಿದೆ. ಆದರೆ 64 ಬೈಟಿನ ಮಿತಿಯೊಳಗೆ 21 ಗುರುತಷ್ಟೇ ಹಿಡಿಯುತ್ತವೆ. ಅಪ್ಪನ ಹೆಸರು, ಮನೆತನದ ಹೆಸರು ಸೇರಿಸಿ ಬರೆಯುವ ಈ ಸೀಮೆಯಲ್ಲಿ ಅದು ಕೈ ಮುಗಿಯುವಷ್ಟರಲ್ಲಿ ಮುಗಿದುಹೋಗುತ್ತದೆ.

ಊರಿನ ಪೆಟ್ಟಿಗೆಯಲ್ಲಿ ಬರೆಯುವ ಗೊಡವೆ ಇಲ್ಲ, ಪಟ್ಟಿಯಿಂದ ಆರಿಸಿದರಾಯಿತು ಎನ್ನುತ್ತಾರೆ. ಲ್ಯಾಟಿನ್ ಲಿಪಿಯಲ್ಲಿ ಸವದತ್ತಿಯನ್ನು ಸವದತ್ತಿ, ಸೌಂದತ್ತಿ, ಸೌದತ್ತಿ ಎಂದು ಮೂರಾದರೂ ಬಗೆಯಲ್ಲಿ ಬರೆಯುತ್ತಾರೆ. ತಾಲೂಕಿನ ಹಳೆಯ ಹೆಸರು ಪರಸಗಡ ಬೇರೆ. ಬೈಲಹೊಂಗಲ ತಾಲೂಕು ಹಿಂದೆ ಸಂಪಗಾಂವ. ಕಿತ್ತೂರು ಬೈಲಹೊಂಗಲದಿಂದ ಬೇರೆಯಾಗಿ ತಾಲೂಕಾಗಿದೆ, ಯರಗಟ್ಟಿ ಸವದತ್ತಿಯಿಂದ. 2014ರ ನವೆಂಬರ್ 1ರಿಂದ ಜಿಲ್ಲೆಯ ಅಧಿಕೃತ ಹೆಸರು ಬೆಳಗಾವಿ. ಇದರಲ್ಲಿ ಯಾವ ವರ್ಷದ ಪಟ್ಟಿ ಎದುರಿಗಿದೆ ಎಂದು ಊಹಿಸುವ ಹೊಣೆ ತುಂಬುವವರದು. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಈ ಗೊಂದಲಕ್ಕೆ ಒಳ್ಳೆಯ ಊರುಗೋಲು: 591102 ಎಂದರೆ ಯಾವ ಸ್ಪೆಲಿಂಗಿನಲ್ಲೂ ಬೈಲಹೊಂಗಲ, 591126 ಸವದತ್ತಿ, 591123 ರಾಮದುರ್ಗ, 591115 ಕಿತ್ತೂರು. ಕನ್ನಡ ಅಂಕಿಯಲ್ಲಿ ೫೯೧೧೦೨ ಎಂದು ಬರೆದರೆ ಮಾತ್ರ ಆಟ ಬದಲಾಗುತ್ತದೆ. ‘ಅಂಕಿ’ ಎಂಬ ಒಂದೇ ಸಂಕೇತ ಪೈಥಾನ್ 3ರಲ್ಲಿ ಅದನ್ನು ಒಪ್ಪುತ್ತದೆ, ಜಾವಾಸ್ಕ್ರಿಪ್ಟಿನಲ್ಲಿ ಒಪ್ಪುವುದಿಲ್ಲ. ಸರ್ವರ್ ಬಾ ಎನ್ನುವಾಗ ಬ್ರೌಸರ್ ಹೊಸ್ತಿಲಲ್ಲೇ ತಡೆಯುತ್ತದೆ.

ಇನ್ನು ಉಳಿದದ್ದು ತಪ್ಪನ್ನು ತಿಳಿಸುವ ಬಗೆ. ‘ಅಮಾನ್ಯ ನಮೂದು’ ಎಂಬುದು ಗದರಿಕೆ. ‘ಪಿನ್‌ಕೋಡಿನಲ್ಲಿ ಆರು ಅಂಕಿ ಇರಬೇಕು, ಐದೇ ಇವೆ’ ಎಂಬುದು ಮಾಹಿತಿ, ಅದೂ ಆಯಾ ಪೆಟ್ಟಿಗೆಯ ಪಕ್ಕದಲ್ಲೇ ಕಾಣಬೇಕು. ಒಂದು ತಪ್ಪಿಗೆ ತುಂಬಿದ ಇಪ್ಪತ್ತು ಪೆಟ್ಟಿಗೆಗಳನ್ನೂ ಅಳಿಸಿಹಾಕುವ ಫಾರ್ಮುಗಳಿವೆ. ಅವುಗಳ ಕೈಯಲ್ಲಿ ನೊಂದವರು ಎಲ್ಲವನ್ನೂ ಮೊದಲೇ ನೋಟ್‌ಪ್ಯಾಡಿನಲ್ಲಿ ಬರೆದಿಟ್ಟುಕೊಂಡು, ಆಮೇಲೆ ಒಂದೊಂದಾಗಿ ಅಂಟಿಸುತ್ತಾರೆ. ಇಮೇಲನ್ನು ಎರಡನೆಯ ಸಲ ಬರೆಯಿರಿ, ಅಂಟಿಸುವಂತಿಲ್ಲ ಎನ್ನುವ ಪೆಟ್ಟಿಗೆ ಎದುರಾಗುವುದು ಆಗಲೇ.