ಏಣಿ ಅಣ್ಣನಲ್ಲಿ, ಬೀಗದ ಕೈ ತಮ್ಮನಲ್ಲಿ

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಕಂಪ್ಯೂಟರಿಗೆ ಹರಾಜಿನ ದಿನ ಮಾತ್ರ ದೆವ್ವ ಹಿಡಿಯುತ್ತಿತ್ತು. ಹುಳಿಯಾರು ಕಡೆಯ ರೈತ ಮೂಟೆ ತೂಗಿಸಿ ಬಿಲ್ಲಿಗೆ ಬಂದು ನಿಂತರೆ, ಪರದೆ ಒಂದು ಗಳಿಗೆ ಮರಗಟ್ಟಿ, ‘ಡೆಡ್‌ಲಾಕ್’ ಎಂದು ತೋರಿಸಿ ಬಿಲ್ಲನ್ನೇ ನುಂಗಿಬಿಡುತ್ತಿತ್ತು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸಿ ಉಂಡೆ ಕೊಬ್ಬರಿ ತಂದವನಿಗೆ ಇನ್ನರ್ಧ ಗಂಟೆ ಯಾವ ಲೆಕ್ಕ ಎನ್ನಬಹುದು. ಊರಿನ ಕೊನೆಯ ಬಸ್ಸು ಹಾಗೆನ್ನುವುದಿಲ್ಲ.

ಹೆಚ್ಚಿನ ಸಲ ರದ್ದಾಗುತ್ತಿದ್ದುದು ಎರಡನೇ ಯಂತ್ರದ ಬಿಲ್ಲು. ಅಲ್ಲಿ ಕೂರುತ್ತಿದ್ದವಳು ಹೊಸದಾಗಿ ಸೇರಿದ ಹುಡುಗಿ. ‘ಒತ್ತಬಾರದ್ದೇನೋ ಒತ್ತುತ್ತಾಳೆ’ ಎಂದು ಸಾಹುಕಾರರು ತೀರ್ಮಾನಿಸಿಯಾಗಿತ್ತು. ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿ ಕಳಿಸುವ ಮಾತೂ ನಡೆದಿತ್ತು.

ತುರುವೇಕೆರೆ ಕಡೆಯ ಎಂಜಿನಿಯರ್ ಹುಡುಗನೊಬ್ಬ ಬಂದ. ‘ಏನಪ್ಪಾ ಇದು ಡೆಡ್‌ಲಾಕು?’ ಎಂದು ಮೊದಲ ಯಂತ್ರದ ಹಳೇ ಗುಮಾಸ್ತರು ಕೇಳಿದರು.

‘ಅಟ್ಟ ಹತ್ತೋಕೆ ಏಣಿ ಬೇಕು ಯಜಮಾನ್ರೆ, ಬಾಗಿಲಿಗೆ ಬೀಗದ ಕೈ ಬೇಕು. ಏಣಿ ಅಣ್ಣನ ಹತ್ರ, ಬೀಗದ ಕೈ ತಮ್ಮನ ಹತ್ರ. ಮೊದಲು ನೀನು ಕೊಡು ಅಂತ ಇಬ್ರೂ ಕೂತವ್ರೆ.’

‘ನಮ್ಮೂರಲ್ಲಿ ಇದಕ್ಕೆ ಪಾಲು ಅಂತೀವಿ.’

ಹುಡುಗ ಸರ್ವರ್‌ನ ಲಾಗ್ ತೆಗೆದು ನೋಡಿದ. ಮಂಡಿಯ ಲೆಕ್ಕ ಇದ್ದದ್ದು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ. ಅಲ್ಲಿ ಕಾಯುತ್ತ ನಿಂತವರು ಸಾಮಾನ್ಯವಾಗಿ 1 ಸೆಕೆಂಡು ಸುಮ್ಮನಿದ್ದು, ಆಮೇಲೆ ‘ನಾನು ಕಾಯುತ್ತಿರುವವನು ನನಗಾಗಿಯೇ ಕಾಯುತ್ತಿದ್ದಾನೆಯೇ’ ಎಂದು ಹುಡುಕುತ್ತಾರೆ. ಹೌದೆಂದು ಕಂಡುಕೊಂಡವರ ಕೆಲಸವೇ ರದ್ದು! ಮೊದಲು ಕಾಯಲು ನಿಂತವರಿಗೇ ಬಹುಪಾಲು ಈ ಗತಿ. ಬಲಿಯಾದದ್ದರಿಂದ ತಪ್ಪಿತಸ್ಥರು ಯಾರೆಂದು ತಿಳಿಯುವುದಿಲ್ಲ.

ಲಾಗ್‌ನಲ್ಲಿದ್ದದ್ದು ಇಬ್ಬರೂ ಕೊನೆಗೆ ಏನು ಕೇಳಿದರು ಎಂಬುದು. ಅದಕ್ಕೂ ಮೊದಲು ಕೈಯಲ್ಲಿ ಏನು ಹಿಡಿದಿದ್ದರು, ಯಾವಾಗ ಹಿಡಿದರು ಎಂಬುದಕ್ಕೆ ಪ್ರೋಗ್ರಾಮನ್ನೇ ಸಾಲು ಸಾಲಾಗಿ ಓದಬೇಕಾಯಿತು. ಹುಡುಕಾಟದಲ್ಲಿ ಬೇಸರ ತರಿಸುವ ಭಾಗ ಇದೇ. ಕಾರಣ ಸಿಗುವುದೂ ಇಲ್ಲೇ. ಬಿಲ್ಲು ಹಾಕುವ ಪ್ರೋಗ್ರಾಮು ಮೊದಲು ಖರೀದಿದಾರನ ಖಾತೆ ಹಿಡಿದು, ಆಮೇಲೆ ದಾಸ್ತಾನಿಗೆ ಕೈ ಚಾಚುತ್ತಿತ್ತು. ಹಳೇ ಗುಮಾಸ್ತರು ಬಳಸುತ್ತಿದ್ದ ತೂಕ ತಿದ್ದುವ ಪ್ರೋಗ್ರಾಮು ಮೊದಲು ದಾಸ್ತಾನು ಹಿಡಿದು, ಆಮೇಲೆ ಖಾತೆಗೆ ಬರುತ್ತಿತ್ತು. ಹರಾಜಿನ ದಿನ ಒಬ್ಬನೇ ಖರೀದಿದಾರ ಹಲವು ರೈತರ ಸರಕು ಕೊಳ್ಳುತ್ತಾನೆ. ಎರಡೂ ಯಂತ್ರಗಳು ಅದೇ ಖಾತೆ, ಅದೇ ದಾಸ್ತಾನಿಗೆ ಬಂದು ನಿಲ್ಲುತ್ತಿದ್ದವು. ಮಿಕ್ಕ ದಿನಗಳಲ್ಲಿ ಒಂದು ಯಂತ್ರಕ್ಕೆ ಬಟ್ಟೆ ಹೊದಿಸಿರುತ್ತಿದ್ದರು.

ಇಂಥ ಬಿಗಿತಕ್ಕೆ ನಾಲ್ಕು ಷರತ್ತುಗಳು ಒಟ್ಟಿಗೇ ಕೂಡಿಬರಬೇಕೆಂದು 1971ರಲ್ಲಿ ಕಾಫ್‌ಮನ್ ಮತ್ತು ಇಬ್ಬರು ಸಂಗಡಿಗರು ಬರೆದರು. ಒಬ್ಬರಿಗಾಗಿ ಒಬ್ಬರು ಸುತ್ತುಗಟ್ಟಿ ಕಾಯುವುದು ಅವುಗಳಲ್ಲೊಂದು. ಹುಡುಗ ಮುರಿದದ್ದು ಆ ಒಂದನ್ನು. ತೂಕ ತಿದ್ದುವಲ್ಲೂ ಮೊದಲು ಖಾತೆ, ಆಮೇಲೆ ದಾಸ್ತಾನು ಎಂದು ಸಾಲುಗಳನ್ನು ಹಿಂದುಮುಂದು ಮಾಡಿದ.

ಮುಂದಿನ ಹರಾಜಿನಲ್ಲಿ ಪರದೆ ಮರಗಟ್ಟಲಿಲ್ಲ. ಸಾಹುಕಾರರು ಹುಡುಗಿಗೆ ಏನೂ ಹೇಳಲಿಲ್ಲ. ಬರುವ ತಿಂಗಳ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆಸಿದರು.