ತಿಳಿನೀರಿನ ಗುಟ್ಟು

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಮಾತನ್ನು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ಉಪಾಧ್ಯಾಯರೊಬ್ಬರು, ತಿಳಿಯಾಗಿರುವುದೆಲ್ಲ ಶುದ್ಧಜಲವಲ್ಲವೆಂಬುದನ್ನು ಕಲಿತದ್ದು ನಿವೃತ್ತರಾದ ಮೇಲೆ. ಕಲಿಸಿದ ಗುರುಗಳು ಆರು ಮೀನುಗಳು. ಆ ಪಾಠಕ್ಕೆ ದಕ್ಷಿಣೆ ತೆತ್ತವರೂ ಗುರುಗಳೇ ಆದದ್ದು ವಿಷಾದದ ಸಂಗತಿ.

ಮೈಸೂರಿನ ಬಡಾವಣೆಯೊಂದರಲ್ಲಿ ಅವರ ಮನೆ. ಏಳು ವರ್ಷದ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಎರಡಡಿ ಉದ್ದದ, ಸುಮಾರು 54 ಲೀಟರು ನೀರು ಹಿಡಿಯುವ ಗಾಜಿನ ತೊಟ್ಟಿಯೊಂದು ನಡುಮನೆಗೆ ಬಂದಿತು. ಅದರೊಡನೆ ಆರು ಗೋಲ್ಡ್ ಫಿಶ್ಶುಗಳೂ, ತೊಟ್ಟಿಯ ಬೆನ್ನಿಗೆ ನೇತುಹಾಕುವ ಅಂಗೈಯಗಲದ ಫಿಲ್ಟರೂ ಬಂದವು. ಈ ಯಂತ್ರದ ಕೆಲಸ ನೋಡಲು ಸರಳ. ಕೊಳವೆಯೊಂದು ತೊಟ್ಟಿಯ ನೀರನ್ನು ಮೇಲೆಳೆಯುತ್ತದೆ. ಹೊರಗೆ ತೂಗುವ ಪೆಟ್ಟಿಗೆಯಲ್ಲಿ ಆ ನೀರು ಸ್ಪಂಜನ್ನು ಹಾದು, ಪುಟ್ಟ ಜಲಪಾತವಾಗಿ ಮತ್ತೆ ತೊಟ್ಟಿಗೆ ಬೀಳುತ್ತದೆ.

ಮೇಷ್ಟರು ಶುಚಿತ್ವದಲ್ಲಿ ರಾಜಿಯಿಲ್ಲದವರು. ಭಾನುವಾರ ಬಂದಿತೆಂದರೆ ಆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಮಲ್ಲಿಗೆಯಷ್ಟು ಬೆಳ್ಳಗಾಗುವವರೆಗೆ ಹಿಂಡುತ್ತಿದ್ದರು. ತೊಟ್ಟಿಯ ನೀರು ಸ್ಫಟಿಕದಂತಿತ್ತು. ಆದರೂ ಮೂರನೆಯ ವಾರ ಮುಗಿಯುವುದರೊಳಗೆ ಆರು ಮೀನುಗಳೂ ಒಂದೊಂದಾಗಿ ತೇಲಿದವು. ಕೊನೆಯದನ್ನು ದಾಸವಾಳದ ಬುಡದಲ್ಲಿ ಹೂಳುವಾಗ ಮೊಮ್ಮಗಳು ಅಳಲಿಲ್ಲ.

“ತಾತ, ನೀವು ವಾರ ವಾರ ತೊಳೀತಿದ್ರಲ್ಲ, ಆದ್ರೂ ಯಾಕೆ ಸತ್ತುಹೋಯ್ತು?” ಎಂದು ಕೇಳಿದಳು.

ಶಾಲೆಯಲ್ಲಿ ಯಾವ ಪ್ರಶ್ನೆಗೂ ತಡವರಿಸದಿದ್ದವರು ಅಂದು ನಿರುತ್ತರರಾದರು.

ಬಣ್ಣದ ಮೀನು ಮಾರುವ ಅಂಗಡಿಯ ವೃದ್ಧನು ಎಲ್ಲವನ್ನೂ ಕೇಳಿ, “ಸ್ಪಂಜನ್ನು ಯಾವ ನೀರಿನಲ್ಲಿ ತೊಳೆದಿರಿ ಮೇಷ್ಟ್ರೇ?” ಎಂದನು.

“ನಲ್ಲಿಯ ನೀರಿನಲ್ಲಿ.”

“ಹಾಗಾದರೆ ತಾವು ತೊಳೆದದ್ದು ಕೊಳೆಯನ್ನಲ್ಲ, ಮನೆ ಕಾಯುವವರನ್ನು.”

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಚೆಲ್ಲುತ್ತದೆ. ಕಣ್ಣಿಗೆ ಕಾಣದ ಈ ವಿಷ ತಿಳಿನೀರಿನಲ್ಲಿಯೂ ಕೊಲ್ಲಬಲ್ಲದು. ಇದನ್ನು ನೈಟ್ರೈಟಾಗಿಯೂ, ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವವು ಸೂಕ್ಷ್ಮಾಣುಗಳು. 1890ರ ಸುಮಾರಿಗೆ ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದು ಇಂಥ ಜೀವಿಗಳನ್ನೇ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕಾರು ವಾರಗಳು ಬೇಕು. ಅವುಗಳ ಬಿಡಾರವೇ ಸ್ಪಂಜು. ಮೇಷ್ಟರು ಪ್ರತಿ ಭಾನುವಾರವೂ ಆ ಬಿಡಾರದ ಮೇಲೆ ಕ್ಲೋರಿನ್ ಬೆರೆತ ನೀರನ್ನು ಹರಿಸಿ, ಒಕ್ಕಲೆಬ್ಬಿಸುತ್ತಿದ್ದರು. ಅಷ್ಟು ಪುಟ್ಟ ತೊಟ್ಟಿಗೆ ಆರು ಗೋಲ್ಡ್ ಫಿಶ್ಶುಗಳ ಹೊರೆಯೂ ಸೇರಿತ್ತು.

ಗುಟ್ಟು ತಿಳಿದ ಮೇಲೆ ಫಿಲ್ಟರನ್ನು ಆರಿಸುವ ಕಣ್ಣೇ ಬೇರೆಯಾಯಿತು. ಮೊದಲ ಸಲ ಅವರು ನೋಡಿದ್ದು ರಟ್ಟಿನ ಮೇಲೆ ಅಚ್ಚಾಗಿದ್ದ ನೀರೆತ್ತುವ ಅಂಕಿಯನ್ನು. ಗಂಟೆಗೆ ತೊಟ್ಟಿಯ ನಾಲ್ಕರಿಂದ ಆರರಷ್ಟು ನೀರು ತಿರುಗಬೇಕೆಂಬುದು ರೂಢಿ. ಈ ತೊಟ್ಟಿಗೆ ಸುಮಾರು 216ರಿಂದ 324 ಲೀಟರು. ಆದರೆ ಸ್ಪಂಜು ತುಂಬಿ, ಕಸ ಕೂಡಿದಂತೆ ಆ ವೇಗ ಇಳಿಯುತ್ತದೆ. ಈ ಸಲ ಮೇಷ್ಟರು ಪೆಟ್ಟಿಗೆಯ ಮುಚ್ಚಳ ತೆರೆದು ಒಳಗಿನ ಅವಕಾಶವನ್ನು ಅಳೆದರು. ತೆಳ್ಳನೆಯ ಹಾಳೆಯಂಥ ಕಾರ್ಟ್ರಿಜ್ ಇರುವಲ್ಲಿ, ಅದನ್ನು ಎಸೆದಾಗಲೆಲ್ಲ ಜೀವಾಣುಗಳ ಸಂಸಾರವೂ ಕಸದ ಬುಟ್ಟಿಗೆ ಹೋಗುತ್ತದೆ. ದಪ್ಪ ಸ್ಪಂಜಿಗೂ, ರಂಧ್ರಮಯವಾದ ಪಿಂಗಾಣಿ ಬಳೆಗಳಿಗೂ ಸ್ಥಳವುಳ್ಳ ಪೆಟ್ಟಿಗೆಯನ್ನೇ ಅವರು ಬೇಡಿದರು.

ವೃದ್ಧನು ಇನ್ನೆರಡು ಮಾತು ಸೇರಿಸಿದನು. ಪದೇ ಪದೇ ಕರೆಂಟು ಹೋಗುವ ಬಡಾವಣೆಯಲ್ಲಿ ಮೋಟಾರು ನೀರಿನೊಳಗೇ ಮುಳುಗಿರುವ ಬಗೆ ಲೇಸು. ವಿದ್ಯುತ್ತು ಮರಳಿದೊಡನೆ ಅದು ತಾನಾಗಿ ನೀರೆತ್ತುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಮೋಟಾರಿರುವ ಕೆಲವು, ನೀರು ಒಮ್ಮೆ ಜಾರಿದರೆ ಕೈಯಿಂದ ತುಂಬಿಸುವವರೆಗೆ ಒಣಗಿ ಗರಗರಗುಟ್ಟುತ್ತವೆ. ಮರಿಗಳು ಕೊಳವೆಯೊಳಗೆ ಸೆಳೆದುಹೋಗದಂತೆ ಅದರ ಬಾಯಿಗೆ ಸ್ಪಂಜಿನ ಟೋಪಿ ತೊಡಿಸಬೇಕು.

ಹೊಸ ಫಿಲ್ಟರು ಬಂದಿತು, ಮೀನು ಬರಲಿಲ್ಲ. ಮೀನಿಲ್ಲದ ತೊಟ್ಟಿಗೆ ಮೊಮ್ಮಗಳು ದಿನವೂ ಚಿಟಿಕೆ ಆಹಾರ ಉದುರಿಸಿ, ಅದು ಕೊಳೆತು ಅಮೋನಿಯವಾಗುವುದನ್ನು ಕಾದಳು. ಪಂಚಾಂಗದ ಪಕ್ಕದ ಕ್ಯಾಲೆಂಡರಿನಲ್ಲಿ ಆರು ವಾರಗಳು ಗೀಟುಗಳಾಗಿ ಉರುಳಿದವು. ನೀರಿನ ಪರೀಕ್ಷೆಯಲ್ಲಿ ಅಮೋನಿಯವೂ ನೈಟ್ರೈಟೂ ಸೊನ್ನೆಯೆಂದು ಕಂಡ ದಿನ ಐದು ಗಪ್ಪಿಗಳು ಮನೆ ಹೊಕ್ಕವು.

ತಿಂಗಳು ಕಳೆದ ಒಂದು ಭಾನುವಾರ, ತೊಟ್ಟಿಯಿಂದ ತೆಗೆದ ಕಾಲು ಭಾಗ ನೀರು ಬಕೆಟ್ಟಿನಲ್ಲಿತ್ತು. ಹಾಕಬೇಕಾದ ಹೊಸ ನೀರಿಗೆ ಕ್ಲೋರಿನ್ ನಿವಾರಿಸುವ ಹನಿಗಳು ಬಿದ್ದಿದ್ದವು. ಮೇಷ್ಟರು ಬಕೆಟ್ಟಿನ ಹಳೆಯ ನೀರಿನಲ್ಲಿಯೇ ಸ್ಪಂಜನ್ನು ಅದ್ದಿ ಎರಡು ಬಾರಿ ಹಿಂಡಿದರು. ಅದಿನ್ನೂ ಕಂದುಬಣ್ಣವಾಗಿತ್ತು. ಕೈ ತಾನಾಗಿ ನಲ್ಲಿಯತ್ತ ಚಾಚಿತು.

“ಸಾಕು ತಾತ!” ಎಂದು ಮೊಮ್ಮಗಳು ಅವರ ಮಣಿಕಟ್ಟು ಹಿಡಿದಳು.

ಮೇಷ್ಟರ ಮನಸ್ಸು ಒಪ್ಪಲಿಲ್ಲ, ಕೈ ಒಪ್ಪಿತು. ಕಂದು ಸ್ಪಂಜು ಹಾಗೆಯೇ ಪೆಟ್ಟಿಗೆಯನ್ನು ಸೇರಿತು.